ಹುಳುಮನೆ ಬಾಗಿಲಲ್ಲಿ ನನ್ನ ಮಗಳು

ಮೊದಲೇ ಕ್ಷಮೆ ಕೇಳುತ್ತೇನೆ. ನನಗೆ ಬರೆದು ಅಭ್ಯಾಸವಿಲ್ಲ. ನಗುವ ವಿಷಯವನ್ನೂ ರಜೆ ಅರ್ಜಿಯ ಹಾಗೆ ಬರೆಯುತ್ತೇನೆ. ಆದರೆ ಮಕ್ಕಳ ಕೈಗೆ ಮನೆಗೆಲಸ ಕೊಟ್ಟ ಮನೆಯಲ್ಲಿ ಇಂಥವು ದಿನಾ ನಡೆಯುತ್ತವೆ, ಹೇಳದೆ ಇರಲಾಗಲಿಲ್ಲ. ನಮ್ಮೂರು ಸಾದಲಿ. ನಾನು ಚಿಕ್ಕಬಳ್ಳಾಪುರದ ಆಫೀಸಿಗೆ ಹೋಗಿಬರುತ್ತೇನೆ, ಹೆಂಡತಿ ರೇಷ್ಮೆ ಹುಳು ಸಾಕುತ್ತಾಳೆ. ಮಗಳಿಗೆ ಒಂಬತ್ತು ವರ್ಷ.

೧. ತಟ್ಟೆ

ಮಗಳಿಗೆ ಜವಾಬ್ದಾರಿ ಬರಲಿ ಅಂತ ಒಂದು ನಿಯಮ ಮಾಡಿದೆ: ಉಂಡವರು ತಮ್ಮ ತಟ್ಟೆ ತಾವೇ ತೊಳೆಯಬೇಕು. ಉಂಡವರು ಅಂದರೆ ಮಗಳು ಮಾತ್ರ ಅಂತ ನನ್ನ ಮನಸ್ಸಿನಲ್ಲಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ. ಅವಳು ತನ್ನದನ್ನು ತೊಳೆದಿಟ್ಟು ಬಂದು ನನ್ನೆದುರು ನಿಂತಳು.

"ಅಪ್ಪಾ, ನಿಂದು?"

"ನಾನು ದೊಡ್ಡೋನು ಕಣಮ್ಮ."

"ಹಂಗಾದ್ರೆ ಇನ್ನೂ ಚೆನ್ನಾಗಿ ತೊಳೀತೀಯ."

೨. ಅಜ್ಜಿ

ಹುಳು ಗೂಡು ಕಟ್ಟಲು ವಾರವಷ್ಟೇ ಇತ್ತು. ಈ ಹೊತ್ತಿನಲ್ಲಿ ಒಂದು ತಪ್ಪಾದರೆ ಇಡೀ ಬೆಳೆ ಹೋಗುತ್ತದೆ. ಹುಳುವಿಗೆ ಹೊಗೆಸೊಪ್ಪು, ಸೆಂಟು ಯಾವುದೂ ಆಗದು. ಅದಕ್ಕೇ ಹೆಂಡತಿ ಮಗಳನ್ನು ಹುಳುಮನೆ ಬಾಗಿಲಿಗೆ ನಿಲ್ಲಿಸಿ, ಕೈಕಾಲು ತೊಳೆಯದೆ ಯಾರನ್ನೂ ಬಿಡಬೇಡ ಎಂದಳು. ಮೊದಲು ಸಿಕ್ಕಿಬಿದ್ದವಳು ನಮ್ಮಮ್ಮ, ದವಡೆಯಲ್ಲಿ ಹೊಗೆಸೊಪ್ಪಿನ ಸಮೇತ.

"ಬಾಯಿ ಮುಕ್ಕಳಿಸ್ಕೊಂಡು ಬಾ ಅಜ್ಜಿ."

"ಏಯ್, ಈ ಹುಳುಮನೆ ಕಟ್ಸಿದ್ದೇ ನಾನು ಕಣೇ!"

"ಅದು ಹುಳುಗೆ ಗೊತ್ತಿಲ್ಲ ಅಜ್ಜಿ."

೩. ನಾನು

ಮಾರನೆಯ ದಿನ ಚಿಂತಾಮಣಿಯ ಮದುವೆಯಿಂದ ಬಂದೆ. ಛತ್ರದಲ್ಲಿ ಸೊಳ್ಳೆ ಕಾಟಕ್ಕೆ ಕೈಕಾಲಿಗೆಲ್ಲ ಕ್ರೀಮು ಬಳಿದುಕೊಂಡಿದ್ದು ಮರೆತೇ ಹೋಗಿತ್ತು. ಒಳಗಿಂದ ಹೆಂಡತಿ, "ಸೊಪ್ಪು ತನ್ರೀ, ಹುಳು ಹಸ್ಕೊಂಡವೆ" ಎಂದಳು. ಹಿಪ್ಪುನೇರಳೆ ಸೊಪ್ಪಿನ ಹೊರೆಗೆ ಬಗ್ಗಿದೆ. ಮಗಳು ನನ್ನ ಕೈ ಹಿಡಿದು ಮೂಸಿದಳು.

"ಮುಟ್ಬೇಡ! ಏನಿದು?"

"ಸೊಳ್ಳೆ ಕ್ರೀಮು..."

"ಸೊಳ್ಳೆ ಓಡ್ಸೋದು ಹುಳುನ ಸುಮ್ನೆ ಬಿಡ್ತದಾ ಅಪ್ಪ?"

ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡೆ. ಸೊಪ್ಪನ್ನು ಅವಳೇ ಎಳೆದುಕೊಂಡು ಹೋಗಿ ಕೊಟ್ಟಳು. ನಾನು ಸ್ನಾನ ಮಾಡಿ ಬಂದೆ. ಮತ್ತೆ ಮೂಸಿ, "ಇನ್ನೊಂದ್ಸಲ" ಎಂದಳು. ಮೂರನೇ ಸ್ನಾನ ಮುಗಿಸಿ ಟವೆಲ್ಲಿನಲ್ಲಿ ನಡುಗುತ್ತ ನಿಂತಿದ್ದಾಗ ಜಗುಲಿಯಿಂದ ನಮ್ಮಮ್ಮ ಹೇಳಿದಳು: "ನನ್ನ ಬರೀ ಬಾಯಿಗೇ ಬಿಟ್ಟಳಪ್ಪ, ಪುಣ್ಯ!"

ಆ ವಾರ ಹುಳುವೆಲ್ಲ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಹತ್ತಿದವು. ಚಂದ್ರಿಕೆ ಅಂದರೆ ಏನು ಅಂತ ಹೇಳಿಬಿಡುತ್ತೇನೆ: ಬಿದಿರಿನ ದೊಡ್ಡ ಚೌಕಟ್ಟು, ಅದರ ಮೇಲೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ ಕಟ್ಟಿರುತ್ತಾರೆ, ಹುಳು ಗೂಡು ಕಟ್ಟುವುದು ಅದರ ಸಂದಿಯಲ್ಲೇ, ಯಾಕೆಂದರೆ...

"ಅಪ್ಪಾ! ಬರ್ದಿದ್ದು ಸಾಕು, ಏಳು. ನೀನ್ ಉಂಡಿದ್ ತಟ್ಟೇಲಿ ಮುದ್ದೆ ಒಣಗ್ತಾ ಐತೆ!"

ಬಂದೆ ಕಣಮ್ಮ.