ಮೂರು ರೊಟ್ಟಿ ಅಗಲದ ಮಾನಿಟರು

ಈ ಮನೆಯಲ್ಲಿ ಒಂದಾದರೂ ದೊಡ್ಡ ತೀರ್ಮಾನ ನನ್ನದಾಗಲೇಬೇಕು ಎಂದು ಹೋದ ತಿಂಗಳು ಹಿಟ್ಟಿನ ಕೈಯಲ್ಲೇ ಪ್ರತಿಜ್ಞೆ ಮಾಡಿದೆ. ಸಾರಿಗೆ ಯಾವ ಬೇಳೆ ಎಂಬ ಖಾತೆ ಹನ್ನೊಂದು ವರ್ಷದಿಂದ ನನ್ನ ಬಳಿಯೇ ಇದೆ. ಅದನ್ನು ದಯವಿಟ್ಟು ಎಣಿಸಬೇಡಿ.

ಸಂದರ್ಭ ತಾನಾಗಿ ಒದಗಿತು. ನನ್ನ ಗಂಡ ಚೇತನಕುಮಾರ ಕಚೇರಿಯಿಂದ ಬಂದು, ಚಹಾ ಕುಡಿದು, ಕಿವಿಗೆ ಹೆಡ್‌ಫೋನ್ ಏರಿಸಿ ಕಂಪ್ಯೂಟರಿನಲ್ಲಿ ಯುದ್ಧಕ್ಕೆ ಇಳಿಯುವವರು. ಹಳೇ ಮಾನಿಟರು ಯುದ್ಧದ ನಡುವೆಯೇ ವೀರಮರಣವನ್ನಪ್ಪಿತು. ಹೊಸದು ಯಾವುದು? ಅಗಲವಾದ ಅಲ್ಟ್ರಾವೈಡೋ, ಸಣ್ಣದಾದರೂ ಬಣ್ಣ ಹೊಳೆಯುವ ಓಎಲ್‌ಇಡಿಯೋ? ಮೂರು ವಾರ ಮನೆಯಲ್ಲಿ ಅದೇ ಜಪ.

"ಓಎಲ್‌ಇಡಿಯೊಳಗ ಕರಿ ಅಂದ್ರ ಖರೇನ ಕರಿ," ಎಂದರು.

"ನಮ್ಮ ರೊಟ್ಟಿ ಹಂಚೂ ಖರೇನ ಕರಿ ಅದ. ಒಂದಿನಾನೂ ನೋಡಾಕ ಬಂದಿಲ್ಲ ನೀವು."

"ಹಂಗಾದ್ರ ನೀನ ಆರಿಸು."

ನಾಳೆ ಏನಾದರೂ ಕೆಟ್ಟರೆ 'ನೀನೇ ಆರಿಸಿದ್ದಿ' ಎನ್ನಲು ಅನುಕೂಲ, ಅಷ್ಟೇ. ಆದರೆ ನಾನು ಬಿಡುತ್ತೇನೆಯೇ? ಅಲ್ಟ್ರಾವೈಡ್ ಎಂದು ಘೋಷಿಸಿದೆ. ಕಣ್ಣಿಗೆ ಒಳ್ಳೆಯದು ಎಂದು ಕಾರಣವನ್ನೂ ಕೊಟ್ಟೆ.

ನಿಜವಾದ ಕಾರಣ ನಿಮಗೆ ಮಾತ್ರ ಹೇಳುತ್ತೇನೆ. ಅಗಲದ ಪರದೆಯ ಮುಂದೆ ಎರಡು ಕುರ್ಚಿ ಹಿಡಿಸುತ್ತವೆ. ಎರಡನೆಯದರಲ್ಲಿ ನಾನು ಕೂರಬಹುದು. ಆಟ ತಿಳಿಯದಿದ್ದರೇನು, ಪಕ್ಕದಲ್ಲಿ ಒಬ್ಬರು ಇರುತ್ತಾರಲ್ಲ. ನಮ್ಮ ಮನೆ ಯಾದಗಿರಿ ಸ್ಟೇಶನ್ನಿನ ಹಿಂದೆ. ಸಂಜೆ ಹೊತ್ತು ನನ್ನನ್ನು ಮಾತಾಡಿಸುವುದು ಸ್ಟೇಶನ್ನಿನ ಮೈಕು ಒಂದೇ. ಅದೂ 'ದಯವಿಟ್ಟು ಗಮನಿಸಿ' ಎಂದು ಮರ್ಯಾದೆಯಿಂದ ಶುರುಮಾಡಿ, ಸೋಲಾಪುರದ ಗಾಡಿ ತಡ ಎಂದು ಹೇಳಿ ಸುಮ್ಮನಾಗುತ್ತದೆ.

ಕಂಪ್ಯೂಟರು ಇರುವುದು ಪಡಸಾಲೆಯ ಕಲ್ಲುಗೋಡೆಯೊಳಗಿನ ಗೂಡಿನಲ್ಲಿ. ಗೂಡಿನ ಅಳತೆ ಬೇಕು. ಟೇಪು ಗಂಡನ ಬೈಕಿನ ಡಿಕ್ಕಿಯಲ್ಲಿ. ಕೇಳಿದರೆ ಸಲಹೆಯೂ ಜೊತೆಗೆ ಬರುತ್ತದೆ. ಟೇಪು ಯಾಕೆ, ನನ್ನ ಕೈಯಿಲ್ಲವೇ? ನಾನು ಬಡಿದ ರೊಟ್ಟಿ ಅಂದರೆ ಸರ್ಕಾರಿ ಮುದ್ರೆ ಒತ್ತಿದಂತೆ, ಹನ್ನೊಂದು ವರ್ಷದಲ್ಲಿ ಒಂದು ಬೆರಳು ಹೆಚ್ಚುಕಡಿಮೆಯಾಗಿಲ್ಲ. ಬುಟ್ಟಿಯಿಂದ ಖಡಕ್ ರೊಟ್ಟಿ ತೆಗೆದು ಗೂಡಿನಲ್ಲಿ ಸಾಲಾಗಿ ಇಟ್ಟೆ. ಸರಿಯಾಗಿ ಮೂರು.

ಖಡಕ್ ರೊಟ್ಟಿ ಆಟೋದಲ್ಲಿ ಮುರಿದೀತು ಎಂಬ ಮುಂದಾಲೋಚನೆಯಿಂದ, ಆಗತಾನೇ ಬೇಯಿಸಿದ ಮೆತ್ತನೆಯ ಬಿಸಿ ರೊಟ್ಟಿಯೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದೆ. ಅಂಗಡಿಯ ಫಿರೋಜ್ ನಾನು ಮಾನಿಟರಿನ ಮುಂದೆ ರೊಟ್ಟಿ ಹಿಡಿದು ಸರಿಸುವುದನ್ನು ನೋಡಿ ಗಲ್ಲಾ ಬಿಟ್ಟು ಎದ್ದು ಬಂದ.

"ಬೆಹೆನ್‌ಜೀ, ಇದಕ್ಕ ಊಟ ಹತ್ತಂಗಿಲ್ರಿ. ಕರೆಂಟ್ ಒಂದ ಸಾಕು."

"ಅಳತಿ ನೋಡಾಕತ್ತೇನಿ, ಸುಮ್ಮನಿರಪಾ. ಮೂರು ರೊಟ್ಟಿ. ಇದನ್ನ ಕಟ್ಟು."

ಒಣಗಿ ಖಡಕ್ಕಾದ ರೊಟ್ಟಿ ಕುಗ್ಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ನೆನಪಾಗಿದ್ದು ಮಾತ್ರ ಗೂಡಿನ ಮುಂದೆ, ಮಾನಿಟರು ಒಳಗೆ ಹೋಗಲು ಒಪ್ಪದೆ ನಾಲ್ಕು ಬೆರಳು ಹೊರಗೆ ಚಾಚಿಕೊಂಡಾಗ. ಕಲ್ಲುಗೋಡೆ ಸರಿಯುವುದಿಲ್ಲ, ಮಾನಿಟರು ಕುಗ್ಗುವುದಿಲ್ಲ. ಗಂಡ ನಗಲಿಲ್ಲ, ಬಯ್ಯಲೂ ಇಲ್ಲ. "ನೀನ ಆರಿಸಿದ್ದಿ," ಎಂದರು.

ಅಷ್ಟು ಉದ್ದದ ಜಾಗ, ಪಕ್ಕದಲ್ಲೇ ಪ್ಲಗ್ಗು, ಮನೆಯಲ್ಲಿ ಇನ್ನೆಲ್ಲಿದೆ? ಅಡುಗೆಮನೆಯ ಕಟ್ಟೆಯ ಮೇಲೆ. ಹೀಗೆ ನನ್ನ ಮಿಕ್ಸರ್ ಅಟ್ಟ ಸೇರಿತು, ಡಬ್ಬಿಗಳು ಕೆಳಗಿಳಿದವು, ನಾನು ಒಲೆಯ ಪಕ್ಕದ ಮೂಲೆಗೆ ಸರಿದೆ. ಗಂಡ ಕುರ್ಚಿಯ ಮೇಲೆ ಎರಡು ತಲೆದಿಂಬು ಹಾಕಿಕೊಂಡು ಸಿಂಹಾಸನಾರೂಢರಾದರು. ಪಕ್ಕಕ್ಕೆ ಎರಡನೇ ಕುರ್ಚಿಯನ್ನು ನಾನೇ ತಂದಿಟ್ಟೆ. ಆದರೂ ನನಗೆ ಒಳಗೊಳಗೇ ಹಿಗ್ಗು. ಮದುವೆಯಾದ ಮೇಲೆ ಮೊದಲ ಸಲ ಈ ಮನುಷ್ಯ ಅಡುಗೆಮನೆಯಲ್ಲಿ ಎರಡು ತಾಸು ಕೂರುತ್ತಾರೆ, ಅದೂ ದಿನಾಲೂ!

ಮೊದಲ ದಿನವೇ ನನ್ನ ಬೆನ್ನ ಹಿಂದಿನಿಂದ ಅವರ ಧ್ವನಿ ಬಂತು. "ಹೆದರಬ್ಯಾಡ. ನಿನ್ನ ಬಾಜೂಕ ನಾ ಅದೀನಿ."

ರೊಟ್ಟಿ ಹಿಡಿದೇ ತಿರುಗಿದೆ. ಅವರ ಕಣ್ಣು ಪರದೆಯ ಮೇಲಿತ್ತು. ಆ ಮಾತು ಹೆಡ್‌ಫೋನಿನ ಮೈಕಿನಿಂದ ಹೊರಟು ಗುರುಮಠಕಲ್‌ನಲ್ಲಿ ಕೂತು ಆಡುವ ಬಾಲರಾಜನಿಗೆ ತಲುಪಿತ್ತು.

ನಾನು ರೊಟ್ಟಿ ಬಡಿದಂತೆಲ್ಲ ಹಿಟ್ಟು ಹಾರಿ ಪರದೆಗೆ ಅಂಟುತ್ತಿತ್ತು. ಅವರು ಹಿಟ್ಟಿನ ಚುಕ್ಕೆಗೆ ಗುಂಡು ಹೊಡೆದು, ಹಿಂದಿನಿಂದ ಬಂದ ನಿಜವಾದ ವೈರಿಯ ಕೈಯಲ್ಲಿ ಸಾಯುತ್ತಿದ್ದರು. ಒಂದು ಸಂಜೆ ಮೂರು ಸಲ ಸತ್ತ ಮೇಲೆ ಹೆಡ್‌ಫೋನ್ ಸರಿಸಿದರು.

"ರಂಜನಿ, ಸ್ವಲ್ಪ ಮೆಲ್ಲಕ ಬಡಿ. ಮೈಕಿನಾಗ ಕುದುರಿ ಓಡಿದಂಗ ಕೇಳಸ್ತದಂತ."

"ಮೆಲ್ಲಕ ಬಡದ್ರ ರೊಟ್ಟಿ ಆಗಲ್ರಿ, ಹಪ್ಪಳ ಆಗ್ತದ. ಹಾಲು ಉಕ್ಕಾಕತ್ತದ, ನೋಡ್ರಿ. ನನ್ನ ಕೈ ಹಿಟ್ಟಾಗ್ಯಾವ."

ಅಚ್ಚರಿಯೆಂದರೆ ಎದ್ದರು. ಹೆಡ್‌ಫೋನನ್ನು ಕಟ್ಟೆಯ ಮೇಲಿಟ್ಟು, ಹಾಲಿನ ಪಾತ್ರೆಯ ಮುಂದೆ ಬಾಂಬು ಕಂಡವರಂತೆ ನಿಂತರು. ಹೆಡ್‌ಫೋನಿನೊಳಗೆ ಒಂದು ಹೆಣ್ಣಿನ ಧ್ವನಿ "ಸರ್, ಸರ್" ಎನ್ನುತ್ತಿತ್ತು. ಹಿಟ್ಟಿನ ಕೈಯಲ್ಲೇ ಎತ್ತಿ ಕಿವಿಗೆ ಇಟ್ಟುಕೊಂಡೆ.

"ಯಾರ್ರಿ?"

"ಅಯ್ಯ, ರೊಟ್ಟಿ ಭಾಬಿ ಏನ್ರಿ? ನಾ ಶಹಾಪುರದ ಅಲ್ಮಾಸ. ನಿಮ್ಮ ಸರ್ ಟೀಮಿನಾಗ ಆಡ್ತೀನಿ. ಊಟ ಆತ್ರಿ?"

ಈ ಪ್ರಶ್ನೆಯನ್ನು ಮನೆಯಲ್ಲಿ ಕೇಳುವವಳು ನಾನು. ಕೇಳಿಸಿಕೊಂಡವಳಲ್ಲ.

"ಇನ್ನಾ ಇಲ್ಲವಾ. ನೀ ಆಡೂ ಮುಂದ ನಿಮ್ಮ ಮನ್ಯಾಗ ರೊಟ್ಟಿ ಯಾರು ಬಡೀತಾರ?"

"ಅಮ್ಮೀ," ಎಂದಳು ಮೆಲ್ಲಗೆ. ಆಮೇಲೆ ನಕ್ಕಳು. "ನೀವು ಅಂಗಡಿಗೆ ರೊಟ್ಟಿ ಒಯ್ದದ್ದು ಸರ್ ಎಲ್ಲಾ ಹೇಳ್ಯಾರ್ರಿ. ನಕ್ಕೋತ ಹೇಳಿದ್ರು. 'ಕಣ್ಣಿಗೆ ಚಲೋ ಅಂತಾಳ, ಖರೇ ಅಂದ್ರ ಬಾಜೂಕ ಕೂಡಾಕ ಅಗಲದ್ದು ತಂದಾಳ, ನನಗ ಗೊತ್ತದ' ಅಂದ್ರು."

ಗೊತ್ತಿತ್ತಂತೆ. ಗುರುಮಠಕಲ್‌ಗೆ ಗೊತ್ತು, ಶಹಾಪುರಕ್ಕೆ ಗೊತ್ತು. ಮೂರು ಮೊಳ ದೂರದಲ್ಲಿ ಉಕ್ಕಿದ ಹಾಲನ್ನು ನಾನು ಎತ್ತಿಟ್ಟಿದ್ದ ಒಳ್ಳೆಯ ಬಟ್ಟೆಯಿಂದ ಒರೆಸುತ್ತಿದ್ದ ಮನುಷ್ಯ ನನಗೊಬ್ಬಳಿಗೆ ಹೇಳಿರಲಿಲ್ಲ.

"ಭಾಬಿ, ಲೈನಿನಾಗ ಅದೀರಿ? ಈಗರೆ ಬಾಜೂಕ ಕುಂತೀರೇನ್ರಿ?"

ಎರಡನೇ ಕುರ್ಚಿಯ ಕಡೆ ನೋಡಿದೆ. ಮಾನಿಟರಿಗೆ ಜಾಗ ಮಾಡಲು ನಾನೇ ಕಟ್ಟೆಯಿಂದ ಇಳಿಸಿದ ಜೋಳದ ಹಿಟ್ಟಿನ ದೊಡ್ಡ ಡಬ್ಬಿ ಅದರ ಮೇಲೆ ಕೂತಿತ್ತು. ಕುರ್ಚಿಯ ಈ ಕೈಯಿಂದ ಆ ಕೈಗೆ, ಒಂದು ಬೆರಳೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಈ ಇಡೀ ವ್ಯವಹಾರದಲ್ಲಿ ಕರಾರುವಾಕ್ಕಾಗಿ ಹೊಂದಿದ ಅಳತೆ ಅದೊಂದೇ.

"ಹೂಂನವಾ, ಕುಂತೀನಿ," ಎಂದೆ, ನಿಂತುಕೊಂಡೇ.