ಕೆಂಪು ಟೋಪಿಗಳ ಹಿಂದೆ

ಎಲ್ಲಕ್ಕೂ ಕಾರಣ ಒಂದು ಇಡ್ಲಿ. ವಡೋದರಾ ಸ್ಟೇಷನ್ನಿನ ತಿಂಡಿ ಅಂಗಡಿಯಲ್ಲಿ ಅದು ಮೈತುಂಬ ಸಾಸಿವೆ ಒಗ್ಗರಣೆ ಹಾಕಿಸಿಕೊಂಡು ಕೂತಿತ್ತು. ಅಹಮದಾಬಾದಿನ ಮಣಿನಗರದಲ್ಲಿ ಉಡುಪಿ ಹೋಟೆಲ್ ನಡೆಸುವ ಅಚ್ಯುತ ಅಡಿಗರು ಮುಂಬೈ ರೈಲಿನ ಕಿಟಕಿಯಿಂದ ಅದನ್ನು ನೋಡಿದರು.

"ಇದೆಂತ ಅವಸ್ಥೆ ಮಾರಾಯ್ತಿ! ಇಡ್ಲಿಗೆ ಢೋಕಳಾದ ವೇಷ ಹಾಕಿದ್ದಾನೆ."

"ನಿಮಗೆಂತಕ್ಕೆ ಅದು? ಸುಮ್ನೆ ಕೂತ್ಕೊಳ್ಳಿ," ಎಂದರು ಹೆಂಡತಿ ಸುಮಿತ್ರಾ. "ಸಂಜೆ ವಿಮಾನ ಹತ್ತಬೇಕಾದವರು."

ವಿಮಾನ ಪ್ಯಾರಿಸಿಗೆ. ಆದರೆ ಅಡಿಗರಿಗೆ ಪ್ಯಾರಿಸ್ ಬೇಕಿರಲಿಲ್ಲ. ಐಫೆಲ್ ಗೋಪುರ ಅವರ ಪಾಲಿಗೆ ದೊಡ್ಡದೊಂದು ಮೊಬೈಲ್ ಟವರ್, ಅಷ್ಟೇ. ಅವರ ಜೀವವೆಲ್ಲ ಇದ್ದದ್ದು ಅಲ್ಲಿಂದ ಲಂಡನ್ನಿಗೆ ಹೋಗುವ ರೈಲಿನ ಮೇಲೆ. ಒಂದು ರಾಜಧಾನಿಯಲ್ಲಿ ತಿಂಡಿ, ಇನ್ನೊಂದು ರಾಜಧಾನಿಯಲ್ಲಿ ಊಟ, ನಡುವೆ ಸಮುದ್ರದ ಅಡಿ ಸುರಂಗ. ಗಂಟೆಗೆ ಮುನ್ನೂರು ಕಿಲೋಮೀಟರ್! ಮೂರು ತಿಂಗಳಿಂದ ಈ ಮಾತನ್ನು ಅವರು ಪ್ರತಿ ದೋಸೆಯ ಜೊತೆ ಚಟ್ನಿಯ ಹಾಗೆ ಬಡಿಸಿದ್ದರು. ಕೆಲವು ಗಿರಾಕಿಗಳು ಪಾರ್ಸೆಲ್ ಕಟ್ಟಿಸಿಕೊಳ್ಳತೊಡಗಿದ್ದರು.

"ಒಂದೇ ನಿಮಿಷ," ಎಂದು ಅಡಿಗರು ಇಳಿದೇ ಬಿಟ್ಟರು.

ಟೂರ್ ಮ್ಯಾನೇಜರ್ ಮಂಥನ್ ಎಲ್ಲರ ತಲೆಗೂ ಕಂಪನಿಯ ಕೆಂಪು ಟೋಪಿ ಹಾಕಿಸಿ ಹೇಳಿದ್ದ: "ದಾರಿ ತಪ್ಪಿದರೆ ಗಾಬರಿಯಾಗಬೇಡಿ. ಕೆಂಪು ಟೋಪಿ ಎಲ್ಲಿದೆ ನೋಡಿ, ಅದರ ಹಿಂದೆ ಬನ್ನಿ."

ಅಡಿಗರು ಇಡ್ಲಿಯನ್ನು ಬೆರಳಿನಿಂದ ಒತ್ತಿದರು. ಅದು ಮೇಲೇಳಲಿಲ್ಲ. "ಭಾಯ್, ಹಿಟ್ಟು ಹುದುಗೇ ಬಂದಿಲ್ಲ."

"ಕಾಕಾ, ತಿನ್ನೋದಾದರೆ ತಿನ್ನಿ. ಡಾಕ್ಟರಿಕೆ ಬೇಡ," ಎಂದ ಅಂಗಡಿಯವನು.

ಅಡಿಗರಿಗೆ ರೋಷ ಉಕ್ಕಿತು. ಉದ್ದು ನೆನೆಸುವುದರಿಂದ ಪಾಠ ಶುರು ಮಾಡಿ ರುಬ್ಬುವವರೆಗೆ ಬಂದಿದ್ದರು. ತಿರುಗಿ ನೋಡಿದಾಗ ರೈಲು ಇರಲಿಲ್ಲ.

ಆದರೆ ಅದೋ, ಮೆಟ್ಟಿಲ ಹತ್ತಿರ ಕೆಂಪು ಟೋಪಿಗಳು! ಎಲ್ಲರನ್ನೂ ಇಳಿಸಿದ್ದಾರೆ, ಇನ್ನು ಬಸ್ಸಿನಲ್ಲಿ ಪಯಣ ಎಂದುಕೊಂಡು ಅಡಿಗರು ಓಡಿ ಹೋಗಿ ಬಸ್ಸಿನ ಹಿಂದಿನ ಸೀಟು ಹಿಡಿದರು. ಬಸ್ಸು ಹೊರಟಿತು, ಭಜನೆಯೂ ಹೊರಟಿತು. ವಿಮಾನ ಹತ್ತುವ ಮೊದಲು ದೇವರ ಹೆಸರು ಒಳ್ಳೆಯದೇ ಎಂದು ಅಡಿಗರೂ ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲಿ ಜೇಬಿನ ಫೋನು ಹೊಡೆದುಕೊಂಡದ್ದು ಕೇಳಿಸಲಿಲ್ಲ.

ತಾಳ ನಿಂತ ಮೇಲೆ ಪಕ್ಕದಲ್ಲಿದ್ದ ಅಜ್ಜಿಯನ್ನು ಕೇಳಿದರು: "ನಿಮ್ಮ ಪಾಸ್‌ಪೋರ್ಟೂ ಮಂಥನ್ ಹತ್ರಾನೇ ಉಂಟಾ?"

"ಇಲ್ಲೇ ಪಾವಾಗಢದ ದೇವಿ ಬೆಟ್ಟ ಹತ್ತೋದಕ್ಕೆ ಪಾಸ್‌ಪೋರ್ಟ್ ಯಾಕೆ ಭಾಯ್? ರೋಪ್‌ವೇ ಟಿಕೆಟ್ ಸಾಕು."

ಕಂಪನಿ ಹತ್ತು ಕಡೆ ಯಾತ್ರೆ ನಡೆಸುತ್ತಿತ್ತು. ಟೋಪಿ ಮಾತ್ರ ಎಲ್ಲಕ್ಕೂ ಒಂದೇ.

ಅಡಿಗರು ಬಸ್ಸು ನಿಲ್ಲಿಸಿ ಇಳಿದು, ರಿಕ್ಷಾ ಹಿಡಿದು ಸ್ಟೇಷನ್ನಿಗೆ ಹಾರಿದರು. ದಾರಿಯಲ್ಲಿ ಫೋನ್ ಎತ್ತಿದರು.

"ಆ ಇಡ್ಲಿಯನ್ನೇ ಕಟ್ಟಿಕೊಳ್ಳಬಹುದಿತ್ತು ನೀವು!" ಸುಮಿತ್ರಾ ಗುಡುಗಿದರು. "ಕೇಳಿ, ನೀವು ಬಾರದಿದ್ರೆ ನಾನೊಬ್ಬಳೇ ಹೋಗ್ತೇನೆ. ಆಣೆ ಮಾಡಿ ಹೇಳ್ತೇನೆ."

ಮಂಥನ್ ಫೋನ್ ಕಸಿದುಕೊಂಡ. "ಕಾಕಾ, ನಮ್ಮ ರೈಲಿಗೆ ಎಮ್ಮೆ ಬಡಿದು ಸೂರತ್‌ನಲ್ಲಿ ನಿಂತಿದೆ. ನೀವು ಮುಂದಿನ ರೈಲು ಹತ್ತಿ ನೇರ ಮುಂಬೈಗೆ ಬನ್ನಿ. ವಿಮಾನ ಸಿಗುತ್ತೆ. ಒಂದೇ ಮಾತು, ಎಲ್ಲೂ ಇಳಿಯಬೇಡಿ!"

ಮುಂದಿನ ರೈಲು ಸಿಕ್ಕಿತು. ನಿಲ್ಲಲಷ್ಟೇ ಜಾಗ. ಅಡಿಗರು ಬಾಗಿಲಲ್ಲಿ ನಿಂತು ಗಾಳಿಗೆ ಮುಖವೊಡ್ಡಿದರು. ಮುನ್ನೂರಲ್ಲದಿದ್ದರೂ ನೂರರ ವೇಗ ಇತ್ತು. ಪ್ಯಾರಿಸ್, ಸುರಂಗ, ಲಂಡನ್! ಎದೆಯೊಳಗೆ ಚೆಂಡೆ ಬಾರಿಸಿದ ಹಾಗಾಗುತ್ತಿತ್ತು.

ಸೂರತ್‌ನಲ್ಲಿ ರೈಲು ನಿಂತಿತು. ಎದುರು ಪ್ಲಾಟ್‌ಫಾರ್ಮಿನಲ್ಲಿ ಇನ್ನೊಂದು ರೈಲು ನಿಂತಿತ್ತು. ಅದರ ಕಿಟಕಿಗಳ ತುಂಬ ಕೆಂಪು ಟೋಪಿ!

ಅಡಿಗರು ಒಮ್ಮೆ ಅನುಮಾನಿಸಿದರು. ಪಾವಾಗಢದವರು ಬೆಟ್ಟದ ಮೇಲಿದ್ದಾರೆ, ಇವರು ಅವರಲ್ಲ. ಕಿಟಕಿಗೆ ಓಡಿ ಕೇಳಿಯೂ ಕೇಳಿದರು: "ಪಾವಾಗಢವಾ, ಪ್ಯಾರಿಸ್ಸಾ?"

"ಪ್ಯಾರಿಸ್! ಪ್ಯಾರಿಸ್, ಲಂಡನ್!" ಒಳಗಿನಿಂದ ಹತ್ತು ಕಂಠಗಳು ಕೂಗಿದವು.

ಅಡಿಗರು ಹತ್ತಿದರು, ರೈಲು ಹೊರಟಿತು. ಟೋಪಿ ನೋಡಿ ಜನ ಸರಿದು ಕೂತು ಜಾಗ ಕೊಟ್ಟರು, ತಿನ್ನಲು ಗರಿಗರಿ ಖಾಖ್ರಾ ಕೊಟ್ಟರು. ಅಡಿಗರಿಗೆ ತಡೆಯಲಾಗಲಿಲ್ಲ. "ಆ ರೈಲು ಮಾರಾಯ್ರೆ! ಮುನ್ನೂರು ಕಿಲೋಮೀಟರ್!"

"ಅರೇ, ಏನು ಓಟ ಅದು!" ಎಂದರು ಎದುರಿನ ಅಮೃತ್‌ಭಾಯ್. "ಲೋಟದ ಚಹಾ ಅಲ್ಲಾಡಲಿಲ್ಲ."

"ಸಮುದ್ರದ ಅಡಿ ಹೋದದ್ದೇ ಗೊತ್ತಾಗಲಿಲ್ಲ," ಎಂದರು ಅವರ ಹೆಂಡತಿ.

ಅಡಿಗರ ಬಾಯಲ್ಲಿ ಖಾಖ್ರಾ ನಿಂತಿತು. "ಹೋದದ್ದಾ? ನಾವು ಹೋಗೋದು ಇನ್ನು ನಾಡಿದ್ದಲ್ವಾ?"

"ನಾಡಿದ್ದಾ? ನಾವು ಎಲ್ಲ ಮುಗಿಸಿ ಇವತ್ತು ಬೆಳಿಗ್ಗೆ ಮುಂಬೈಗೆ ಬಂದಿಳಿದೆವು ಭಾಯ್. ಈಗ ಮನೆಗೆ."

ಅಡಿಗರು ಕಿಟಕಿಯಿಂದ ಬಗ್ಗಿ ನೋಡಿದರು. ಸೂರತ್ ಎಲ್ಲೋ ಹಿಂದೆ ಉಳಿದಿತ್ತು; ಅವರು ಬಿಟ್ಟು ಬಂದ ರೈಲು ಇಷ್ಟೊತ್ತಿಗೆ ಮುಂಬೈ ಕಡೆಗೆ ಓಡುತ್ತಿರುತ್ತದೆ. ಈ ರೈಲು ನಿಲ್ಲುವುದು ಇನ್ನು ವಡೋದರಾದಲ್ಲಿ. ಅಲ್ಲಿಂದ ತಿರುಗಿ ಮುಂಬೈ ಮುಟ್ಟುವಷ್ಟರಲ್ಲಿ ವಿಮಾನ ಅರಬ್ಬೀ ಸಮುದ್ರದ ಮೇಲಿರುತ್ತದೆ.

ಫೋನು ಬಂತು.

"ನಮ್ಮ ರೈಲು ಹೊರಟಿತು," ಸುಮಿತ್ರಾರ ದನಿ ಮೆತ್ತಗಾಗಿತ್ತು. "ನೀವೆಲ್ಲಿದ್ದೀರಿ?"

"ರೈಲಲ್ಲೇ ಇದ್ದೇನೆ."

"ಒಬ್ಬರೇ?"

"ಇಲ್ಲ. ಕೆಂಪು ಟೋಪಿಯವರು ಜೊತೆಗಿದ್ದಾರೆ."

"ಅಬ್ಬ! ಹಾಗಾದ್ರೆ ನನಗೆ ಚಿಂತೆಯಿಲ್ಲ," ಎಂದು ಸುಮಿತ್ರಾ ಫೋನಿಟ್ಟರು.

ಅಮೃತ್‌ಭಾಯ್ ಅಡಿಗರ ಹೆಗಲ ಮೇಲೆ ಕೈಹಾಕಿ ತಮ್ಮ ಮೊಬೈಲ್ ತೆರೆದರು. "ಬೇಜಾರು ಮಾಡಬೇಡಿ. ಪೂರ್ತಿ ರೈಲು ಪ್ರಯಾಣ ವಿಡಿಯೋ ಮಾಡಿದ್ದೇನೆ. ಅಹಮದಾಬಾದ್ ಬರೋ ತನಕ ನೋಡಬಹುದು. ಸುರಂಗದ ಭಾಗ ಮಾತ್ರ ಸ್ವಲ್ಪ ಕತ್ತಲೆ."