ಮರಬಾಳೆಗೊಂದು ಕೊಡೆ

ಬೆಳಿಗ್ಗೆ ಎದ್ದು ಅಂಗಳಕ್ಕೆ ಸಗಣಿ ನೀರು ಹಾಕಿದೆ. ರೇಷ್ಮೆ ಹುಳುಗಳ ತಟ್ಟೆಯ ಕಸ ತೆಗೆದು ಹೊಸ ಸೊಪ್ಪು ಹಾಕಿದೆ. ಎಮ್ಮೆ ಕರೆದೆ, ಹುರುಳಿ ಬೇಯಲು ಇಟ್ಟೆ, ಯಜಮಾನರ ಅಂಗಿಗೆ ಗುಂಡಿ ಹೊಲಿದೆ, ಚಿಕ್ಕಮಾವನವರನ್ನು ಮರದಿಂದ ಇಳಿಸಿಕೊಂಡು ಬಂದೆ, ಲಾಟೀನಿನ ಗಾಜು ಒರೆಸಿದೆ.

ಮರದಿಂದ ಇಳಿಸುವುದೂ ಒಂದು ಮನೆಗೆಲಸವೇ ಎಂದು ನೀವು ಕೇಳಬಹುದು. ನಮ್ಮ ಮನೆಗೆ ಸೊಸೆಯಾಗಿ ಬಂದು ನೋಡಿ, ಆಮೇಲೆ ಕೇಳಿ!

ಚಿಕ್ಕಮಾವನವರೆಂದರೆ ನಮ್ಮ ಯಜಮಾನರ ಚಿಕ್ಕಪ್ಪ. ದಿಬ್ಬೂರಹಳ್ಳಿಯ ಸುತ್ತಮುತ್ತ ಯಾರನ್ನೇ ವಿಚಾರಿಸಿ, "ಆ ಯಪ್ಪಂಗೆ ಎರಡು ಸಂಸಾರ ಕಣಮ್ಮ. ಒಂದು ಮನೇಲಿತ್ತು, ಇನ್ನೊಂದು ಹೊಂಗೆ ಮರದ ಮೇಲೈತೆ" ಎನ್ನುತ್ತಾರೆ. ಮನೆಯಲ್ಲಿದ್ದ ನಮ್ಮ ಚಿಕ್ಕತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮರದ ಮೇಲಿರುವುದು ಒಂದು ಮರಬಾಳೆ ಗಿಡ.

ಗುಡ್ಡದ ಬುಡದಲ್ಲಿ, ನಮ್ಮ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಹಿಂದೆ ಹೊಂಗೆ ಮರಗಳ ಸಾಲೇ ಇತ್ತಂತೆ. ಈಗ ಉಳಿದದ್ದು ಒಂದೇ. ಅದರ ಕವಲಿನಲ್ಲಿ ಈ ಗಿಡ ಕೂತಿದೆ. ಪಟ್ಟಿಯಂತಹ ದಪ್ಪ ಎಲೆ. ಮುದುಕಿಯ ಬಿಚ್ಚಿದ ಜಡೆಯ ಹಾಗೆ ಗಾಳಿಯಲ್ಲಿ ಇಳಿಬಿದ್ದ ಬಿಳಿ ಬೇರು. ನೆಲದ ಹಂಗಿಲ್ಲ. ವರ್ಷವೆಲ್ಲ ಸತ್ತಂತಿದ್ದು ವೈಶಾಖದ ಬಿಸಿಲಿಗೆ ಹೂ ಬಿಡುತ್ತದೆ. ಕಂದು ಹಳದಿ ದಳದ ಮೇಲೆ ಚೌಕಳಿ ಗೆರೆ, ನಡುವೆ ನೇರಳೆ ತುಟಿ. ಘಮವಂತೂ ಬದುವಿನಾಚೆಗೂ ಹಬ್ಬುತ್ತದೆ!

ಊರಿನವರು ಅದನ್ನು ಬಂದಳಿಕೆ ಎಂದರೆ ಚಿಕ್ಕಮಾವನವರಿಗೆ ಮೈಯೆಲ್ಲ ಉರಿ.

"ಬಂದಳಿಕೆ ಅಂದ್ರೆ ಮರದ ರಸ ಹೀರೋದು ಕಣಯ್ಯ. ಉಣ್ಣೋಕೆ ಕೂತು ಏಳದೇ ಇರೋ ನೆಂಟ. ಇದು ಹಾಗಲ್ಲ. ಒಂದು ಲೋಟ ನೀರೂ ಕೇಳದೆ ಜಗಲಿ ಮೇಲೆ ಕೂತಿರೋ ನೆಂಟ!"

"ಯಾವತ್ತು ಎದ್ದು ಹೋಗ್ತಾನೆ ಅಂತ ಕೇಳಿದೀರಾ?" ಎಂದು ಪಕ್ಕದ ತೋಟದವರು ಒಮ್ಮೆ ಕೇಳಿದರು. ಆ ಯುಗಾದಿಗೆ ಅವರ ಮನೆಗೆ ನಮ್ಮ ಒಬ್ಬಟ್ಟು ಹೋಗಲಿಲ್ಲ.

ನನ್ನ ನಾದಿನಿಯನ್ನು ನೋಡಲು ಕೆಂಚಾರ್ಲಹಳ್ಳಿಯಿಂದ ಗಂಡಿನವರು ಬಂದಿದ್ದರು. ಬಸ್ಸಿನಿಂದ ಇಳಿದವರನ್ನು ಚಿಕ್ಕಮಾವನವರು ಮನೆಗೆ ಕರೆತರಬೇಕೋ ಬೇಡವೋ? ನೆಟ್ಟಗೆ ಮರದ ಬುಡಕ್ಕೆ ಕರೆದೊಯ್ದಿದ್ದಾರೆ! "ಹುಡುಗಿ ಎಲ್ಲಿ ಸ್ವಾಮಿ?" ಎಂದು ಗಂಡಿನ ತಂದೆ ಕೇಳಿದರೆ, "ಹುಡುಗಿ ಎಲ್ಲಿಗೆ ಹೋಗ್ತಾಳೆ, ಮನೇಲಿರ್ತಾಳೆ. ಹೂವು ಉದುರಿಹೋಗುತ್ತೆ, ಮೊದಲು ಇದನ್ನ ನೋಡಿ" ಎಂಬ ಉತ್ತರ. ಉಪ್ಪಿಟ್ಟು ಆರಿ ಕಲ್ಲಾದ ಮೇಲೆ ಬೆವರು ಒರೆಸಿಕೊಳ್ಳುತ್ತ ಬಂದರು. ಸಂಬಂಧ ಮುರಿಯಿತೆಂದೇ ನಾವು ಅಂದುಕೊಂಡೆವು. ಗಂಡಿನ ತಾಯಿ ಜಗಲಿಯ ಮೇಲೆ ಕುಸಿದು, "ಅಯ್ಯೋ, ಮೀ ಇಲ್ಲು ಬಂಗಾರಂ ಗಾನೂ!" ಎಂದು ನಮ್ಮ ಮನೆ ಬಂಗಾರವಾಗಲಿ ಅಂತ ತೆಲುಗಿನಲ್ಲಿ ಹರಸಿ, "ಒಂದು ಗಿಡಾನೇ ಇಷ್ಟು ಮುದ್ದು ಮಾಡೋರು ಹೆಣ್ಣುಮಗೂನ ಇನ್ನೆಷ್ಟು ಚೆನ್ನಾಗಿ ಸಾಕಿರಬೇಕು!" ಎಂದು ಅಲ್ಲೇ ಒಪ್ಪಿಬಿಟ್ಟರು. ನಾದಿನಿಯ ಕೋಪ ಮಾತ್ರ ಇನ್ನೂ ಇಳಿದಿಲ್ಲ. "ನಾನು ಗಿಡದ ಶಿಫಾರಸಿನ ಮೇಲೆ ಮದುವೆಯಾದೋಳು" ಎಂದು ತವರಿಗೆ ಬಂದಾಗಲೆಲ್ಲ ಮೂತಿ ತಿರುವುತ್ತಾಳೆ.

ಇನ್ನು ಕೊಡೆಯ ಕಥೆ. ನಯಾಪೈಸೆ ಬಂದ ವರ್ಷವಿರಬೇಕು. ಯಾರೋ ಗದ್ದೆಗೆ ಗೊಬ್ಬರವಾಗಿ ತುಳಿಯಲೆಂದು ಹೊಂಗೆ ಸೊಪ್ಪನ್ನು ಒಂದು ಮಗ್ಗುಲಿಂದ ಸವರಿಕೊಂಡು ಹೋದರು. ಗಿಡದ ಮೇಲೆ ಬಿಸಿಲು ಬಿತ್ತು. ಮನೆಯ ಮೆಟ್ಟಿಲು ಹತ್ತಲು "ಅಮ್ಮಾ, ಅಪ್ಪಾ" ಎಂದು ನರಳುವ ಚಿಕ್ಕಮಾವನವರು ಸರಸರನೆ ಮರ ಹತ್ತಿ, ತಮ್ಮ ಮದುವೆಯ ಕೊಡೆಯನ್ನು ಬಿಚ್ಚಿ ಕೊಂಬೆಗೆ ಕಟ್ಟಿ ಬಂದರು! ತಾವು ಆ ಬೇಸಿಗೆಯೆಲ್ಲ ತಲೆಗೆ ಒದ್ದೆ ಟವೆಲ್ಲು ಹಾಕಿಕೊಂಡು ತಿರುಗಿದರು. ಶಿಡ್ಲಘಟ್ಟದ ಸಂತೆಯಿಂದ ಮಬ್ಬಿನಲ್ಲಿ ಬಂದವರು ಮರದ ಮೇಲೆ ಯಾರೋ ಕೊಡೆ ಹಿಡಿದು ಕೂತದ್ದನ್ನು ಕಂಡು ಬುಟ್ಟಿ ಬಿಸಾಕಿ ಓಡಿದರಂತೆ. ಆಮೇಲೆ ಸೌದೆ ಕದಿಯುವವರೂ ಆ ಕಡೆ ಸುಳಿಯಲಿಲ್ಲ. ಬಿಸಿಲು ತಡೆಯದ ದೆವ್ವ ನಮ್ಮೂರಲ್ಲಿ ಬಿಟ್ಟರೆ ಬೇರೆಲ್ಲಿದೆ ಹೇಳಿ!

ಇಷ್ಟೆಲ್ಲ ಪ್ರೀತಿಯಿದ್ದರೂ ಆ ಹೂವನ್ನು ಅವರು ಮನೆಯೊಳಕ್ಕೆ ತಂದವರಲ್ಲ. ತರುವಂತೆಯೂ ಇಲ್ಲವೆನ್ನಿ. ರೇಷ್ಮೆ ಸಾಕುವ ಮನೆಗೆ ಘಾಟು ಆಗದು, ಘಮವೂ ಆಗದು. ಮನೆಯಲ್ಲಿ ಹುಳುವಿದ್ದಷ್ಟು ದಿನ ನಮ್ಮಲ್ಲಿ ಒಗ್ಗರಣೆಯಿಲ್ಲ, ಊದುಬತ್ತಿಯಿಲ್ಲ, ಹೆಂಗಸರ ತಲೆಯಲ್ಲಿ ಹೂವಿಲ್ಲ. ಮರದ ಬಳಿಯಿಂದ ಬಂದ ಚಿಕ್ಕಮಾವನವರನ್ನೂ ನಾನು ಬಾಗಿಲಲ್ಲೇ ತಡೆದು, ಬೂದಿಯಲ್ಲಿ ಕೈ ತಿಕ್ಕಿ ತೊಳೆಸುತ್ತೇನೆ. ಮಗುವಿನ ಹಾಗೆ ಎರಡೂ ಕೈ ಚಾಚುತ್ತಾರೆ. ಜಗಲಿಯ ಮೇಲೆಯೇ ಊಟ, ಅಲ್ಲೇ ನಿದ್ದೆ. ಆದರೆ ಅಂಗಳದ ಬೇವಿನ ಮರಕ್ಕೆ ಬೆನ್ನು ಮಾಡಿಯೇ ಕೂರುತ್ತಾರೆ, ಬೆನ್ನು ಮಾಡಿಯೇ ಮಲಗುತ್ತಾರೆ. ಯಾಕೆ ಮಾವ ಎಂದರೆ, "ನಂಗೂ ಅದಕ್ಕೂ ಮಾತಿಲ್ಲಮ್ಮ" ಎನ್ನುವರು. ಮರದ ಜೊತೆ ಮಾತು ಬಿಟ್ಟವರನ್ನು ನೀವು ಕಂಡಿದ್ದೀರಾ? ನಾವು ಬಿದ್ದು ಬಿದ್ದು ನಕ್ಕಿದ್ದೇವೆ.

ಈ ಸಲ ಯಜಮಾನರು ಹೊಂಗೆ ಮರ ಕಡಿಸಲು ತೀರ್ಮಾನಿಸಿದರು. ಅದರ ನೆರಳಿಗೆ ಹಿಪ್ಪುನೇರಳೆ ಏಳುವುದಿಲ್ಲ, ಹುಳುವಿಗೆ ಸೊಪ್ಪು ಸಾಲದು. ಅವರ ಮಾತೂ ನ್ಯಾಯವೇ. ಇವತ್ತು ಬೆಳಿಗ್ಗೆ ಕೊಡಲಿಯವರು ಬಂದರು. ನಾನು ಸುದ್ದಿ ತಿಳಿದು ಓಡುವಷ್ಟರಲ್ಲಿ ತೆಂಕಣ ಕೊಂಬೆಗಳೆಲ್ಲ ನೆಲದ ಮೇಲಿದ್ದವು. ಉಳಿದರ್ಧ ಮರದ ಕವಲಿನಲ್ಲಿ ಗಿಡವನ್ನು ತಬ್ಬಿಕೊಂಡು ಚಿಕ್ಕಮಾವನವರು ಕೂತಿದ್ದರು.

"ಮಾವ, ಮುದ್ದೆ ಆರೋಗ್ತದೆ, ಇಳೀರಿ" ಎಂದೆ. ಎಂದಿನ ಮಂತ್ರ ಇವತ್ತು ನಾಟಲಿಲ್ಲ.

"ಏನ್ ಚಿಕ್ಕಪ್ಪ ಇದು, ಜನ ನೋಡ್ತಾವ್ರೆ!" ಎಂದರು ಯಜಮಾನರು. "ಗಿಡ ಬಿಡಿಸ್ಕೊಂಡು ಹೋಗಿ ಮನೆ ಮುಂದಿನ ಬೇವಿನ ಮರಕ್ಕೆ ಕಟ್ಟೋಣ. ಗೊಬ್ಬರ ಹಾಕೋಣ, ನೀರು ಹುಯ್ಯೋಣ. ಇಲ್ಲಿಗಿಂತ ಸುಖವಾಗಿರುತ್ತೆ."

ಚಿಕ್ಕಮಾವನವರು ಗಿಡವನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡರು.

"ಒಂದ್ಸಲ ಕಟ್ಟಿದೀನಿ ಕಣಪ್ಪ" ಎಂದರು ಮೇಲಿನಿಂದ. "ಅದೇ ಬೇವಿನ ಮರಕ್ಕೆ. ನಿಮ್ಮ ಚಿಕ್ಕಮ್ಮಂಗೆ ಹೂವಂದ್ರೆ ಪ್ರಾಣ. ಹುಳು ಸಾಕೋ ಮನೇಲಿ ಮುಡಿಯೋದೆಲ್ಲಿ? ಸೊಪ್ಪು ಕೊಯ್ಯೋಕೆ ಬಂದಾಗ ಈ ಸಾಲಲ್ಲೊಂದು ಮರಬಾಳೆ ಕೆಳಗೆ ನಿಂತು, ಕಣ್ಣು ಮುಚ್ಚಿ ಮೂಸ್ಕೊಂಡು ಬರೋಳು. ಕಾಯಿಲೆ ಬಿದ್ದು ನಡೆಯೋಕಾಗದೆ ಹೋದಾಗ ನಾನೇ ಆ ಗಿಡ ಕಿತ್ಕೊಂಡೋಗಿ ಕಿಟಕಿ ಎದುರಿಗೆ ಕಟ್ಟಿದೆ. ಬೇರಿಗೆಲ್ಲ ಕೆಮ್ಮಣ್ಣು, ಗೊಬ್ಬರ ಮೆತ್ತಿ ಮೆತ್ತಿ ಇಟ್ಟೆ. ದಿನಾ ನೀರು. ಗಾಳಿ ಕುಡಿಯೋ ಬೇರು, ಕೊಳೆತೋಯ್ತು, ಗಿಡವೂ ಹೋಯ್ತು. ಸಾಲಲ್ಲಿ ಉಳಿದಿದ್ದು ಇದೊಂದೇ. ಅವಳು ಮಲಗಿದ್ದಲ್ಲಿಂದ ದಿನಾ ನೋಡ್ತಾನೇ ಇದ್ಲು. 'ಅಲ್ಲೇ ಬಿಟ್ಟಿದ್ರೆ, ನಾನು ಹೋಗದೆ ಇದ್ರೂ ಅಲ್ಲೈತೆ ಅಂತನಾದ್ರೂ ಇರ್ತಿತ್ತು' ಅಂದ್ಲು. ಬೈದಿದ್ರೆ ಚೆನ್ನಾಗಿತ್ತು."

ಕೊಡಲಿಯವರು ಕೆಳಗೆ ನೋಡುತ್ತ ನಿಂತರು. ಯಜಮಾನರು ಅವರನ್ನು ಕಳಿಸಿಬಿಟ್ಟರು. ಆಮೇಲೆ ಮನೆಗೆ ಹೋಗಿ, ಯಾರಿಗೂ ಮುಟ್ಟಗೊಡದ ತಮ್ಮ ಹೊಸ ಕೊಡೆಯನ್ನು ತಂದು ಮೇಲಕ್ಕೆ ಚಾಚಿದರು. ಅದನ್ನು ಗಿಡದ ಮೇಲೆ ಕಟ್ಟಿದ ನಂತರವೇ ಚಿಕ್ಕಮಾವನವರು ನನ್ನ ಹೆಗಲ ಮೇಲೆ ಕಾಲಿಟ್ಟು ಇಳಿದದ್ದು. ಕಡಿದ ಕೊಂಬೆ ಇನ್ನು ಬರುವುದಿಲ್ಲ. ಒಂದು ಕೊಡೆಯ ನೆರಳಿಗೆ ಗಿಡ ಉಳಿಯುತ್ತದೋ ಇಲ್ಲವೋ, ಹೇಳಬಲ್ಲವರು ಯಾರು?

ಕೊಂಬೆ ಬಿದ್ದ ರಭಸಕ್ಕೆ ಒಂದು ಹೂಗೊಂಚಲು ಮುರಿದಿತ್ತು. ಸಂಜೆ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಜಗಲಿಯ ತುದಿಯಲ್ಲಿ ಕೂತಿದ್ದರು. "ಒಳಗೆ ತರಲ್ಲಮ್ಮ, ಹೆದರಬೇಡ" ಎಂದರು ನನ್ನನ್ನು ಕಂಡು.

"ಇಲ್ಲಿ ಕೊಡಿ ಮಾವ" ಎಂದು ಇಸಿದುಕೊಂಡು ಮುಡಿದೆ.

ಯಜಮಾನರು ಬಾಗಿಲಲ್ಲಿ ನಿಂತು ನೋಡಿದರು. "ನೀನು ಒಳಗೆ ಬರಬೇಡ, ಸೊಪ್ಪು ನಾನು ಹಾಕ್ತೀನಿ" ಎಂದು ಬುಟ್ಟಿ ಎತ್ತಿಕೊಂಡರು. ಅರ್ಧ ಸೊಪ್ಪು ನೆಲಕ್ಕೆ ಚೆಲ್ಲಿದ್ದು ಹೊರಗಿನಿಂದಲೇ ಕಾಣುತ್ತಿತ್ತು.

ರಾತ್ರಿಗೆ ರಾಗಿ ಮುದ್ದೆ, ಒಗ್ಗರಣೆಯಿಲ್ಲದ ಹುರುಳಿ ಸಾರು, ಒಂದೊಂದು ಈರುಳ್ಳಿ. ಮೂವರೂ ಜಗಲಿಯ ಮೇಲೆಯೇ ಉಂಡೆವು. ಮೊದಲು ನಿದ್ದೆ ಹೋದವರು ಚಿಕ್ಕಮಾವನವರು. ಹೊದಿಸಲು ಹೋದಾಗ ನೋಡಿದೆ, ಮುಖ ಬೇವಿನ ಮರದ ಕಡೆಗಿತ್ತು.